ಹಳೆಯ ಮಾನಿಟರ್, ಹೊಸ ಗುಂಡಿಗಳು: ಹತ್ತು ಸಾವಿರದೊಳಗೆ ಮನೆಯಲ್ಲೇ ಆರ್ಕೇಡ್ ಯಂತ್ರ

ಮನೆಯಲ್ಲಿ ಆರ್ಕೇಡ್ ಯಂತ್ರ (ನಾಣ್ಯ ಹಾಕಿ ಆಡುತ್ತಿದ್ದ ವಿಡಿಯೊ ಗೇಮ್ ಪೆಟ್ಟಿಗೆ) ಕಟ್ಟಲು ಹೊರಡುವವರು ಸಾಮಾನ್ಯವಾಗಿ ಕಂಪ್ಯೂಟರಿಗೂ ಪರದೆಗೂ ಮೊದಲು ಹಣ ಸುರಿದು, ಕೈಯಲ್ಲಿ ಉಳಿದ ಚಿಲ್ಲರೆಯಲ್ಲಿ ಜಾಯ್‌ಸ್ಟಿಕ್ ಮತ್ತು ಗುಂಡಿಗಳನ್ನು ಕೊಳ್ಳುತ್ತಾರೆ. ಹತ್ತು ಸಾವಿರ ರೂಪಾಯಿಯೊಳಗೆ ಕೆಲಸ ಮುಗಿಸಬೇಕೆಂದುಕೊಂಡಿದ್ದ ನಾನು ಈ ಕ್ರಮವನ್ನೇ ತಿರುವುಮುರುವು ಮಾಡಿದೆ. 1978ರ ಸ್ಪೇಸ್ ಇನ್‌ವೇಡರ್ಸ್ ಆಟ ಓಡಿದ್ದು 2 ಮೆಗಾಹರ್ಟ್ಸ್‌ನ 8080 ಪ್ರೊಸೆಸರಿನ ಮೇಲೆ. 1980ರ ಪ್ಯಾಕ್‌ಮ್ಯಾನ್‌ಗೆ ಸುಮಾರು 3 ಮೆಗಾಹರ್ಟ್ಸ್‌ನ ಝಡ್80 ಸಾಕಾಗಿತ್ತು. ಇವುಗಳನ್ನು ಅನುಕರಿಸುವ ಎಮ್ಯುಲೇಟರ್ ತಂತ್ರಾಂಶಕ್ಕೆ ಮೂಲ ಯಂತ್ರಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಶಕ್ತಿ ಬೇಕಾಗುತ್ತದೆ ಎಂಬುದು ನಿಜವಾದರೂ, ಕಚೇರಿಗಳು ಹೊರಹಾಕಿದ ಯಾವುದೇ ಹಳೆಯ ಡೆಸ್ಕ್‌ಟಾಪ್ ಆ ಭಾರವನ್ನು ಸಲೀಸಾಗಿ ಹೊರುತ್ತದೆ. ಒಂದು ರೂಪಾಯಿಯ ನಾಣ್ಯ ಹಾಕಿ ಆಡಿದ ಕಾಲದ ಯಂತ್ರಗಳಲ್ಲಿದ್ದ ಗುಂಡಿಯ ಹಿಡಿತವನ್ನು ಮಾತ್ರ ಯಾವ ತಂತ್ರಾಂಶವೂ ಅನುಕರಿಸಲಾರದು. ಆದ್ದರಿಂದ ಕೈ ತಾಗುವ ಭಾಗಗಳನ್ನು ಹೊಸದಾಗಿ, ನೋಡಿ ಆರಿಸಿ ಕೊಂಡೆ. ಉಳಿದುದೆಲ್ಲ ಹಳೆಯದಾದರೂ ಸರಿ ಎಂದು ನಿರ್ಧರಿಸಿದೆ.

ಖರ್ಚಿನ ಲೆಕ್ಕವನ್ನು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೋರ್ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್ ಇರುವ ಬಳಸಿದ ಡೆಸ್ಕ್‌ಟಾಪ್ ₹2,800ಕ್ಕೆ, 17 ಇಂಚಿನ ಹಳೆಯ ಎಲ್‌ಸಿಡಿ ಮಾನಿಟರ್ ₹900ಕ್ಕೆ ಸಿಕ್ಕವು. ಇಬ್ಬರು ಆಟಗಾರರಿಗೆ ಬೇಕಾದ ಜಾಯ್‌ಸ್ಟಿಕ್, ಗುಂಡಿ, ಎನ್‌ಕೋಡರ್ (ಗುಂಡಿಗಳನ್ನು ಕಂಪ್ಯೂಟರಿಗೆ ಜೋಡಿಸುವ ಬೋರ್ಡು) ಮತ್ತು ತಂತಿಗಳಿಗೆ ₹3,300 ಕೊಟ್ಟೆ. ಪ್ಲೈವುಡ್ ಮತ್ತು ಅದನ್ನು ಕತ್ತರಿಸಿಕೊಟ್ಟ ಬಡಗಿಯ ಕೂಲಿ ಸೇರಿ ₹1,700. ಅಕ್ರಿಲಿಕ್, ಸ್ಟಿಕ್ಕರ್, ಸ್ಪೀಕರ್, ಸ್ಕ್ರೂ, ಬಣ್ಣ ಇತ್ಯಾದಿಗೆ ₹1,200 ಆಯಿತು. ಬಳಸಿದ ವಸ್ತುಗಳ ಬೆಲೆ ಅಂಗಡಿಯಿಂದ ಅಂಗಡಿಗೆ, ವಾರದಿಂದ ವಾರಕ್ಕೆ ಬದಲಾಗುವುದರಿಂದ ಈ ಅಂಕಿಗಳನ್ನು ಒಂದು ಅಂದಾಜೆಂದು ಮಾತ್ರ ಓದಿಕೊಳ್ಳಬೇಕು. ಇಂಥ ಯಂತ್ರಗಳಿಗೆ ಹೆಚ್ಚಿನವರು ರಾಸ್ಪ್‌ಬೆರಿ ಪೈ ಎಂಬ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರನ್ನು ಬಳಸುತ್ತಾರೆ. ಅದು ಚಿಕ್ಕದು, ಬಿಸಿ ಕಡಿಮೆ, ವಿದ್ಯುತ್ತನ್ನೂ ಹೆಚ್ಚು ತಿನ್ನುವುದಿಲ್ಲ. ಆದರೆ ಬೋರ್ಡಿನ ಜೊತೆಗೆ ಸರಿಯಾದ ಅಡಾಪ್ಟರ್, ಮೆಮೊರಿ ಕಾರ್ಡ್, ನನ್ನ ಮಾನಿಟರಿಗೆ ವಿಜಿಎ ಮಾತ್ರ ಇದ್ದುದರಿಂದ ಎಚ್‌ಡಿಎಂಐ ಪರಿವರ್ತಕ, ಇವನ್ನೆಲ್ಲ ಕೂಡಿಸಿದಾಗ ಹಳೆಯ ಡೆಸ್ಕ್‌ಟಾಪೇ ಅಗ್ಗವೆನಿಸಿತು. ಡೆಸ್ಕ್‌ಟಾಪ್ 60 ವ್ಯಾಟ್ ಬಳಸುತ್ತದೆಂದು ಹಿಡಿದರೂ ಎರಡು ಗಂಟೆಯ ಆಟಕ್ಕೆ ಒಂದು ಯೂನಿಟ್ಟಿನ ಎಂಟನೆಯ ಒಂದು ಭಾಗದಷ್ಟೂ ಖರ್ಚಾಗುವುದಿಲ್ಲ.

ಪರದೆಯ ವಿಷಯದಲ್ಲಿ ಅಗಲವಾದ ಹೊಸ ಮಾನಿಟರಿಗಿಂತ ಹಳೆಯ ಚೌಕಾಕಾರದ ಮಾನಿಟರೇ ಹೆಚ್ಚು ಹೊಂದುತ್ತದೆ. ಆ ಕಾಲದ ಆಟಗಳ ಚಿತ್ರ 4:3 ಅನುಪಾತದ್ದು. 17 ಮತ್ತು 19 ಇಂಚಿನ ಹಳೆಯ ಎಲ್‌ಸಿಡಿಗಳು 1280×1024 ಚುಕ್ಕಿಗಳವು, ಅಂದರೆ 5:4. ಅದರ ಮೇಲೆ 4:3 ಚಿತ್ರವನ್ನು ಹಾಕಿದರೆ 1280×960 ಜಾಗ ತುಂಬಿ, ಮೇಲೆ ಕೆಳಗೆ ಬೆರಳಗಲಕ್ಕಿಂತ ಕಿರಿದಾದ ಕಪ್ಪು ಪಟ್ಟಿ ಮಾತ್ರ ಉಳಿಯುತ್ತದೆ. ಈ ಮಾನಿಟರುಗಳಲ್ಲಿ ಬಹುಪಾಲು ಟಿಎನ್ ಪ್ಯಾನೆಲ್ಲಿನವು ಎಂಬುದನ್ನು ಮಾತ್ರ ಪೆಟ್ಟಿಗೆಯ ನಕ್ಷೆ ಬರೆಯುವ ಮುನ್ನವೇ ಗಮನಿಸಬೇಕು. ಅಂಥ ಪರದೆಯನ್ನು ಕೆಳಗಿನಿಂದ ನೋಡಿದರೆ ಚಿತ್ರ ಕಪ್ಪಾಗುತ್ತದೆ, ಮೇಲಿನಿಂದ ನೋಡಿದರೆ ಬಿಳಿಚಿಕೊಳ್ಳುತ್ತದೆ. ಹಾಗಾಗಿ ಕುರ್ಚಿಯಲ್ಲಿ ಕುಳಿತು, ಪರದೆಯನ್ನು ಮೇಜಿನ ಮೇಲೆ ಪುಸ್ತಕಗಳ ಆಸರೆಯಲ್ಲಿ ಸ್ವಲ್ಪಸ್ವಲ್ಪವೇ ಹಿಂದಕ್ಕೆ ವಾಲಿಸುತ್ತ, ಮೇಲ್ತುದಿಯ ಬಣ್ಣವೂ ಕೆಳತುದಿಯ ಬಣ್ಣವೂ ಒಂದೇ ಆಗಿ ಕಾಣುವ ಓರೆಯನ್ನು ಕೋನಮಾಪಕದಿಂದ ಅಳೆದು, ಪೆಟ್ಟಿಗೆಯ ಪಕ್ಕದ ಹಲಗೆಗೆ ಅದೇ ಓರೆಯನ್ನು ಕೊಟ್ಟೆ. ಇದೇ ಕಾರಣಕ್ಕಾಗಿ, ಪ್ಯಾಕ್‌ಮ್ಯಾನ್‌ನಂಥ ಉದ್ದುದ್ದ ನಿಲ್ಲುವ ಚಿತ್ರದ ಆಟಗಳಿಗೆಂದು ಮಾನಿಟರನ್ನು 90 ಡಿಗ್ರಿ ತಿರುಗಿಸಿ ಕೂರಿಸುವುದನ್ನು ಟಿಎನ್ ಪರದೆಯಲ್ಲಿ ನಾನು ಶಿಫಾರಸು ಮಾಡುವುದಿಲ್ಲ. ಇಬ್ಬರು ಅಕ್ಕಪಕ್ಕ ಕುಳಿತರೆ ಒಬ್ಬನಿಗೆ ಕಪ್ಪಾದ ಚಿತ್ರ, ಇನ್ನೊಬ್ಬನಿಗೆ ಬಿಳಿಚಿದ ಚಿತ್ರ ಕಾಣುತ್ತದೆ.

ಮೂಲ ಯಂತ್ರಗಳಲ್ಲಿದ್ದುದು ಸಿಆರ್‌ಟಿ ಪರದೆ. ಆ ಚಿತ್ರದ ಸೊಬಗು ಎಲ್‌ಸಿಡಿಗೆ ಬರುವುದಿಲ್ಲವೆಂದು ಹೇಳುವವರ ಮಾತು ಸರಿಯೇ. ಆದರೆ ಹಳೆಯ ಟಿವಿಯ ಕೊಳವೆಯಲ್ಲಿ ಸ್ವಿಚ್ ಆರಿಸಿದ ಮೇಲೂ ಸಾವಿರಾರು ವೋಲ್ಟ್ ಉಳಿದಿರಬಹುದು. ಅದನ್ನು ಬಿಚ್ಚುವುದು ಅನುಭವಿ ರಿಪೇರಿಯವರ ಕೆಲಸ. ಹಳೆಯ ಎಲ್‌ಸಿಡಿಯಲ್ಲೂ ಹಿಂಬೆಳಕಿಗೆ ಟ್ಯೂಬ್ ದೀಪವಿದ್ದರೆ ಅದರ ಇನ್‌ವರ್ಟರ್ ನೂರಾರು ವೋಲ್ಟ್ ಹುಟ್ಟಿಸುತ್ತದೆ. ಆದ್ದರಿಂದ ನಾನು ಮಾನಿಟರಿನ ಸ್ಟ್ಯಾಂಡನ್ನು ಮಾತ್ರ ಕಳಚಿ, ಹಿಂಬದಿಯಲ್ಲಿ 100 ಮಿ.ಮೀ. ಅಂತರದಲ್ಲಿರುವ ನಾಲ್ಕು ವೆಸಾ (VESA, ಮಾನಿಟರನ್ನು ಗೋಡೆಗೆ ಬಿಗಿಯಲು ಇರುವ) ರಂಧ್ರಗಳಿಗೆ ಎಂ4 ಸ್ಕ್ರೂ ಹಾಕಿ, ಪೆಟ್ಟಿಗೆಯ ಅಡ್ಡಪಟ್ಟಿಗೆ ಬಿಗಿದೆ. ಮುಂದಿನ ಪ್ಲಾಸ್ಟಿಕ್ ಚೌಕಟ್ಟನ್ನು ಕಪ್ಪು ಬಣ್ಣ ಬಳಿದ ಹಲಗೆ ಮುಚ್ಚುತ್ತದೆ.

ಪೆಟ್ಟಿಗೆಯನ್ನು ಆಳೆತ್ತರಕ್ಕೆ ಕಟ್ಟದೆ ಮೇಜಿನ ಮೇಲಿಡುವಂತೆ ಕಟ್ಟಿದ್ದರಿಂದ ಮರದ ಖರ್ಚೂ ಜಾಗವೂ ಅರ್ಧಕ್ಕಿಂತ ಕಡಿಮೆಯಾದವು. ಇಬ್ಬರು ದೊಡ್ಡವರು ಭುಜ ತಾಗದೆ ಆಡಲು 17 ಇಂಚಿನ ಪರದೆಯಷ್ಟೇ ಅಗಲ ಸಾಲದು. ಎರಡು ಅಡಿಯಾದರೂ ಬೇಕು. ಪ್ಲೈವುಡ್ ಹಾಳೆಯ ಅಗಲ ನಾಲ್ಕು ಅಡಿ ಇರುವುದರಿಂದ ಅದನ್ನು ಉದ್ದಕ್ಕೆ ನಡುವೆ ಸೀಳಿದರೆ ಸರಿಯಾಗಿ ಎರಡು ಅಡಿಯ ಎರಡು ಪಟ್ಟಿಗಳು ದೊರೆತು, ಹೆಚ್ಚುಕಡಿಮೆ ಏನೂ ಪೋಲಾಗುವುದಿಲ್ಲ. 6×4 ಅಡಿಯ, 12 ಮಿ.ಮೀ. ದಪ್ಪದ ಒಂದು ಹಾಳೆಯಲ್ಲಿ ಪಕ್ಕದ ಹಲಗೆಗಳು, ತಳ, ಹಿಂಬದಿ, ಮೇಲ್ಮುಚ್ಚಳ ಎಲ್ಲವೂ ಬಂದವು. ನೇರ ಗೆರೆಯ ಕಡಿತಗಳನ್ನು ಬಡಗಿಯ ಯಂತ್ರದಲ್ಲೇ ಮಾಡಿಸಿ, ಪಕ್ಕದ ಹಲಗೆಯ ಬಾಗಿದ ಅಂಚನ್ನು ಜಿಗ್‌ಸಾದಿಂದ ನಾನೇ ಕೊಯ್ದೆ. ಎರಡು ಹಲಗೆಗಳನ್ನೂ ಒಂದರ ಮೇಲೊಂದು ಕ್ಲಾಂಪ್ ಹಾಕಿ ಒಟ್ಟಿಗೆ ಉಜ್ಜಿದ್ದರಿಂದ ಎರಡರ ಅಂಚೂ ಒಂದೇ ಆಯಿತು. ಹೊರದೇಶದ ಯಂತ್ರಗಳ ಅಂಚಿಗೆ ಹಾಕುವ ಟಿ-ಮೋಲ್ಡಿಂಗ್ ಪಟ್ಟಿಯನ್ನು ತರಿಸುವ ಗೋಜಿಗೆ ಹೋಗದೆ, ನಮ್ಮ ಅಡುಗೆಮನೆಯ ಕಪಾಟುಗಳಿಗೆ ಅಂಟಿಸುವ ಪಿವಿಸಿ ಎಡ್ಜ್ ಬ್ಯಾಂಡನ್ನೇ ಅಂಟಿಸಿದೆ.

ಇನ್ನು ನಿಯಂತ್ರಣ ಫಲಕ. ಇಡೀ ಕೆಲಸದಲ್ಲಿ ಹೆಚ್ಚು ಯೋಚನೆ ಬೇಡುವ ಭಾಗ ಇದೇ. ಜಾಯ್‌ಸ್ಟಿಕ್ಕನ್ನು ಹಲಗೆಯ ಕೆಳಗಿನಿಂದ ಬಿಗಿಯುವುದರಿಂದ ಹಲಗೆ ದಪ್ಪವಾದಷ್ಟೂ ಮೇಲೆ ಕಾಣುವ ಕಡ್ಡಿ ಗಿಡ್ಡವಾಗುತ್ತದೆ. ಉಳಿದ ಪೆಟ್ಟಿಗೆಗೆ ಬಳಸಿದ 12 ಮಿ.ಮೀ. ಹಲಗೆಯನ್ನೇ ಇಲ್ಲಿಗೂ ಹಾಕಿದರೆ ಅಂಗೈಗೆ ಚೆಂಡು ಸಿಗುತ್ತದೆಯೇ ಹೊರತು ಬೆರಳುಗಳಿಗೆ ಕಡ್ಡಿ ಸಿಗುವುದಿಲ್ಲ. ಆದ್ದರಿಂದ ಫಲಕಕ್ಕೆ ಮಾತ್ರ 6 ಮಿ.ಮೀ. ಪ್ಲೈವುಡ್ ಹಾಕಿ, ಅದರ ಮೇಲೆ ಸ್ಟಿಕ್ಕರ್, ಅದರ ಮೇಲೆ 3 ಮಿ.ಮೀ. ಅಕ್ರಿಲಿಕ್ ಹಾಸಿ, ಅಂಗೈ ಊರಿದಾಗ ಬಗ್ಗದಂತೆ ಕೆಳಗೆ ಎರಡು ಮರದ ರೀಪುಗಳನ್ನು ಅಂಟಿಸಿದೆ. ಈ ದಪ್ಪಕ್ಕೆ ಒತ್ತಿ ಕೂರಿಸುವ ಕ್ಲಿಪ್ಪಿನ ಗುಂಡಿಗಳು ಹಿಡಿಯುವುದಿಲ್ಲ, ಅವು ತೆಳುವಾದ ಲೋಹ ಅಥವಾ ಅಕ್ರಿಲಿಕ್ ಫಲಕಗಳಿಗೆ ಹೇಳಿದವು. ಕೆಳಗಿನಿಂದ ನಟ್ಟು ತಿರುಗಿಸಿ ಬಿಗಿಯುವ 30 ಮಿ.ಮೀ. ಗುಂಡಿಗಳೇ ಬೇಕು. ಕೊಳ್ಳುವಾಗ ಈ ಭೇದವನ್ನು ಕೇಳಿ ತಿಳಿದುಕೊಂಡರೆ ಮುಂದಿನ ತಲೆನೋವು ತಪ್ಪುತ್ತದೆ.

ಗುಂಡಿಗಳ ಜೋಡಣೆಗೆ 1991ರ ಸ್ಟ್ರೀಟ್ ಫೈಟರ್ 2 ಆಟವೇ ನನಗೆ ಅಳತೆಗೋಲಾಯಿತು. ಮೂರು ಬಗೆಯ ಗುದ್ದಿಗೆ ಮೇಲಿನ ಸಾಲಿನಲ್ಲಿ ಮೂರು, ಮೂರು ಬಗೆಯ ಒದೆತಕ್ಕೆ ಕೆಳಗಿನ ಸಾಲಿನಲ್ಲಿ ಮೂರು ಗುಂಡಿಗಳನ್ನು ಅದು ಬೇಡುತ್ತದೆ. ಈ ಆರು ಇದ್ದರೆ ಅದಕ್ಕಿಂತ ಹಿಂದಿನ ಆಟಗಳಿಗೆಲ್ಲ ಸಾಕೆಂದೇ ಹೇಳಬಹುದು. ಸಾಲುಗಳನ್ನು ನೇರವಾಗಿ ಎಳೆಯದೆ, ಮಧ್ಯದ ಬೆರಳು ಉದ್ದವಿರುವುದಕ್ಕೆ ತಕ್ಕಂತೆ ಸ್ವಲ್ಪ ಕಮಾನಾಗಿಸಿ, ಗುಂಡಿಯ ನಡುವಿನಿಂದ ನಡುವಿಗೆ 36 ಮಿ.ಮೀ. ಬಿಟ್ಟು, ಕಾಗದದ ಮೇಲೆ ನಿಜ ಅಳತೆಯಲ್ಲೇ ಮುದ್ರಿಸಿ, ರಟ್ಟಿಗೆ ಅಂಟಿಸಿ, ಅದರಲ್ಲಿ ಗುಂಡಿಗಳನ್ನು ತೂರಿಸಿ ಮನೆಯವರ ಕೈಗಳಿಂದ ಪರೀಕ್ಷಿಸಿದೆ. ಮಕ್ಕಳ ಕೈಗೂ ದೊಡ್ಡವರ ಕೈಗೂ ಹೊಂದುವ ಜಾಗ ರಟ್ಟಿನ ಮೇಲೆ ಪುಕ್ಕಟೆಯಾಗಿ ಸಿಗುತ್ತದೆ. ಅಕ್ರಿಲಿಕ್ ಕೊರೆದ ಮೇಲೆ ಸಿಗುವುದಿಲ್ಲ. ಅಕ್ರಿಲಿಕ್ಕನ್ನು ನಾಮಫಲಕ ಮಾಡುವ ಅಂಗಡಿಯಲ್ಲಿ ಉಳಿಕೆ ತುಂಡಿನಿಂದ ಲೇಸರಿನಲ್ಲಿ ಕೊರೆಸಿ, ಅದನ್ನೇ ಅಚ್ಚಾಗಿ ಇಟ್ಟುಕೊಂಡು ಪ್ಲೈವುಡ್ಡಿಗೆ ಗುರುತು ಹಾಕಿದೆ. ಬಡಗಿಗಳ ಬಳಿ ಸಾಮಾನ್ಯವಾಗಿರುವುದು ಕಪಾಟಿನ ಹಿಂಜಿಗೆ ಬೇಕಾದ 35 ಮಿ.ಮೀ. ಡ್ರಿಲ್ ಬಿಟ್, ಗುಂಡಿಗೆ ಅದು ದೊಡ್ಡದು. ಹಾಗಾಗಿ 30 ಮಿ.ಮೀ. ಹೋಲ್ ಸಾ ಒಂದನ್ನು ಪ್ರತ್ಯೇಕವಾಗಿ ಕೊಳ್ಳಬೇಕಾಗುತ್ತದೆ. ನಡುವಿನ ಮೊನೆ ಕೆಳಗೆ ಇಣುಕಿದ ಕೂಡಲೇ ನಿಲ್ಲಿಸಿ, ಹಲಗೆಯನ್ನು ಮಗುಚಿ ಆ ಕಡೆಯಿಂದ ಪೂರ್ತಿ ಮಾಡಿದರೆ ಪದರಗಳು ಸಿಬಿರೇಳುವುದಿಲ್ಲ.

ವೈರಿಂಗ್ ನೋಡಲು ಭಯ ಹುಟ್ಟಿಸಿದರೂ ಸುಲಭದ ಕೆಲಸ. ಪ್ರತಿ ಗುಂಡಿಯ ಕೆಳಗೂ ಒಂದು ಮೈಕ್ರೋಸ್ವಿಚ್ ಇರುತ್ತದೆ. ಎನ್‌ಕೋಡರ್ ಬೋರ್ಡು ಅದರ ಒತ್ತುವಿಕೆಯನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಗೇಮ್‌ಪ್ಯಾಡ್‌ನ ಭಾಷೆಯಲ್ಲಿ ತಿಳಿಸುತ್ತದೆ. ಮೂರು ಕಾಲಿನ ಸ್ವಿಚ್ಚಾದರೆ ಕಾಮ್ (COM) ಮತ್ತು ಎನ್‌ಒ (NO) ಎಂದು ಬರೆದಿರುವ ಕಾಲುಗಳನ್ನು ಬಳಸಬೇಕು. ಹಣ ಉಳಿಸಲು ಹಳೆಯ ಕೀಬೋರ್ಡ್ ಬಿಚ್ಚಿ ಅದರ ಬೋರ್ಡನ್ನೇ ಎನ್‌ಕೋಡರಾಗಿಸುವ ಹಳೆಯ ಉಪಾಯವೊಂದಿದೆ. ಆದರೆ ಕೀಬೋರ್ಡಿನೊಳಗೆ ಕೀಲಿಗಳು ಅಡ್ಡಸಾಲು, ಕಂಬಸಾಲುಗಳ ಜಾಲದಲ್ಲಿ ಹೆಣೆದುಕೊಂಡಿರುವುದರಿಂದ, ಕೆಲವು ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಒತ್ತದ ನಾಲ್ಕನೆಯದೂ ಒತ್ತಿದಂತೆ ಕಾಣುತ್ತದೆ, ಇಲ್ಲವೇ ಮೂರನೆಯದು ದಾಖಲಾಗುವುದೇ ಇಲ್ಲ. ಇಬ್ಬರು ಸೇರಿ ಗುದ್ದಾಡುವ ಆಟದಲ್ಲಿ ಇದು ಜಗಳಕ್ಕೆ ದಾರಿ. ಪ್ರತಿ ಗುಂಡಿಗೂ ಪ್ರತ್ಯೇಕ ತಂತಿ ಇರುವ ಎನ್‌ಕೋಡರಿನಲ್ಲಿ ಆ ತೊಡಕಿಲ್ಲ. ಇಬ್ಬರಿಗಾಗಿ ಕೊಂಡ ಎರಡು ಬೋರ್ಡುಗಳೂ ಒಂದೇ ಹೆಸರನ್ನು ಕಂಪ್ಯೂಟರಿಗೆ ಹೇಳುವುದರಿಂದ ಯಾರು ಮೊದಲನೆಯವರೆಂಬುದು ಅದಲುಬದಲಾಗಬಹುದು. ಯಾವ ಕೇಬಲ್ ಯಾವ ಯುಎಸ್‌ಬಿ ಕಿಂಡಿಗೆ ಎಂದು ಬಣ್ಣದ ಟೇಪಿನಿಂದ ಗುರುತು ಮಾಡಿಟ್ಟ ಮೇಲೆ ನನ್ನಲ್ಲಿ ಆ ಸಮಸ್ಯೆ ಕಾಣಿಸಲಿಲ್ಲ.

ತಂತ್ರಾಂಶಕ್ಕೆ ಬಟೋಸೆರಾ ಎಂಬ ಉಚಿತ ಲಿನಕ್ಸ್ ವ್ಯವಸ್ಥೆಯನ್ನು ಪೆನ್‌ಡ್ರೈವಿಗೆ ಬರೆದು, ಡೆಸ್ಕ್‌ಟಾಪ್ ಅದರಿಂದಲೇ ಶುರುವಾಗುವಂತೆ ಬಯೋಸಿನಲ್ಲಿ ಹೊಂದಿಸಿದೆ. ಹಾರ್ಡ್ ಡಿಸ್ಕ್ ಬೇಕಾಗಲೇ ಇಲ್ಲ. ಅದರೊಳಗಿರುವ ಮೇಮ್, 1997ರಲ್ಲಿ ಆರಂಭವಾಗಿ ಇಂದಿಗೂ ಬೆಳೆಯುತ್ತಿರುವ ಆರ್ಕೇಡ್ ಎಮ್ಯುಲೇಟರ್. ಎಮ್ಯುಲೇಟರ್ ಮುಕ್ತವಾದರೂ ಆಟಗಳ ರಾಮ್ (ROM) ಕಡತಗಳು, ಅಂದರೆ ಮೂಲ ಯಂತ್ರದ ಚಿಪ್ಪುಗಳಲ್ಲಿದ್ದ ಆಟದ ನಕಲುಗಳು, ಹಾಗಲ್ಲ. ಹೆಚ್ಚಿನ ಹಳೆಯ ಆಟಗಳ ಹಕ್ಕು ಈಗಲೂ ಕಂಪನಿಗಳ ಬಳಿ ಇದೆ. ಹಕ್ಕುದಾರರು ಒಪ್ಪಿರುವ ರಾಬಿ ರೋಟೊ, ಗ್ರಿಡ್ಲೀ ಮೊದಲಾದ ಕೆಲವು ಆಟಗಳನ್ನು ಮೇಮ್ ತಂಡವೇ ವಾಣಿಜ್ಯೇತರ ಬಳಕೆಗೆ ಉಚಿತವಾಗಿ ಕೊಡುತ್ತದೆ. ಉಳಿದವುಗಳಿಗೆ ಹಣ ಕೊಟ್ಟು ಪಡೆಯಬಹುದಾದ ಸಂಗ್ರಹಗಳಿವೆ. ರಾಮ್ ಕಡತದ ಆವೃತ್ತಿ ಮತ್ತು ಎಮ್ಯುಲೇಟರಿನ ಆವೃತ್ತಿ ಹೊಂದದಿದ್ದರೆ ಆಟ ತೆರೆಯುವುದೇ ಇಲ್ಲ, ಕಡತ ಕೆಟ್ಟಿದೆ ಎಂದುಕೊಳ್ಳುವ ಮೊದಲು ಇದನ್ನು ನೋಡಬೇಕು.

ಯಂತ್ರ ಪೆಟ್ಟಿಗೆಯೊಳಗೆ ಸೇರಿದ ಮೇಲೆ ಡೆಸ್ಕ್‌ಟಾಪಿನ ಪವರ್ ಬಟನ್ನಿಗೆ ಕೈ ಹೋಗುವುದಿಲ್ಲ. ಮದರ್‌ಬೋರ್ಡಿನಲ್ಲಿ ಆ ಬಟನ್ನಿಗೆ ಹೋಗುವ ಎರಡು ಪಿನ್ನುಗಳಿಗೆ ಉದ್ದ ತಂತಿ ಹಾಕಿ, ಪೆಟ್ಟಿಗೆಯ ಹಿಂಬದಿಯಲ್ಲಿ ಒಂದು ಚಿಕ್ಕ ಗುಂಡಿಯನ್ನು ಕೂರಿಸಿದೆ. ಈ ಪಿನ್ನುಗಳಿಗೆ ಪ್ಲಸ್, ಮೈನಸ್ ಎಂಬ ಭೇದವಿಲ್ಲ. ಮುಂದುಗಡೆ ಇಡಬಾರದು, ಆಟದ ನಡುವೆ ಯಾರಾದರೂ ಒತ್ತಿಯೇ ಒತ್ತುತ್ತಾರೆ. ಸ್ಪೀಕರುಗಳು ಅದೇ ಕಂಪ್ಯೂಟರಿನ ಯುಎಸ್‌ಬಿಯಿಂದ ವಿದ್ಯುತ್ ಪಡೆಯುತ್ತಿದ್ದಾಗ ಗುಂಯ್‌ಗುಡುವ ಸದ್ದು ಬರುತ್ತಿತ್ತು; ಅವಕ್ಕೆ ಹಳೆಯ ಮೊಬೈಲ್ ಚಾರ್ಜರನ್ನು ಪ್ರತ್ಯೇಕವಾಗಿ ಕೊಟ್ಟ ಮೇಲೆ ಅದು ನಿಂತಿತು. ಬೇಸಿಗೆಯಲ್ಲಿ ಕರೆಂಟು ಹೋಗುವ ಊರುಗಳಲ್ಲಿ ಇನ್ನೊಂದು ಸಂಗತಿಯಿದೆ: ಗರಿಷ್ಠ ಅಂಕಗಳನ್ನು ಎಮ್ಯುಲೇಟರ್ ಸಾಮಾನ್ಯವಾಗಿ ಬರೆದಿಡುವುದು ಆಟದಿಂದ ಹೊರಬರುವಾಗ. ನಡುವೆಯೇ ವಿದ್ಯುತ್ ನಿಂತರೆ ಆ ಹೊತ್ತಿನ ದಾಖಲೆ ಹೋಯಿತೆಂದೇ ಲೆಕ್ಕ. ಮನೆಯಲ್ಲಿ ಯುಪಿಎಸ್ ಇದ್ದರೆ ಯಂತ್ರವನ್ನು ಆ ಸಾಕೆಟ್ಟಿಗೇ ಹಾಕುವುದು ಒಳ್ಳೆಯದು.

ಕೊನೆಯದಾಗಿ ಜಾಯ್‌ಸ್ಟಿಕ್ಕಿನ ಕೆಳಗಿರುವ ಚೌಕಾಕಾರದ ಗೇಟಿನ, ಅಂದರೆ ಕಡ್ಡಿ ಯಾವ ದಿಕ್ಕಿಗೆ ವಾಲಬಹುದೆಂದು ಮಿತಿ ಹಾಕುವ ತಟ್ಟೆಯ ಬಗ್ಗೆ. ಸ್ಟ್ರೀಟ್ ಫೈಟರ್ 2ಗೆ ಮೂಲೆಗಳೂ ಸೇರಿ ಎಂಟು ದಿಕ್ಕು ಬೇಕು. ಪ್ಯಾಕ್‌ಮ್ಯಾನ್ ಹುಟ್ಟಿದ್ದು ನಾಲ್ಕು ದಿಕ್ಕಿನ ಕಡ್ಡಿಗೆ. ಎಂಟು ದಿಕ್ಕಿನದರಲ್ಲಿ ಆಡಿದರೆ ಮೂಲೆಗೆ ಜಾರಿದ ಕಡ್ಡಿ ಎರಡು ದಿಕ್ಕುಗಳನ್ನು ಒಟ್ಟಿಗೆ ಹೇಳಿ, ತಿರುವಿನಲ್ಲಿ ಪ್ಯಾಕ್‌ಮ್ಯಾನ್ ನೇರವಾಗಿ ಹೋಗಿಬಿಡುತ್ತಾನೆ. ಆಟ ಬದಲಾದಾಗಲೆಲ್ಲ ಫಲಕ ಬಿಚ್ಚುವುದು ಆಗುವ ಮಾತಲ್ಲ. ಎರಡನೆಯ ಆಟಗಾರನ ಕಡೆಯ ಗೇಟನ್ನು 45 ಡಿಗ್ರಿ ತಿರುಗಿಸಿ ವಜ್ರಾಕಾರ ಮಾಡಿ ನಾಲ್ಕು ದಿಕ್ಕಿನದಾಗಿಸಿದೆ. 1980ರ ಆಸುಪಾಸಿನ ಜಟಿಲದಾರಿಯ ಆಟಗಳಿಗೆಲ್ಲ ಎಮ್ಯುಲೇಟರಿನಲ್ಲಿ ಆ ಕಡ್ಡಿಯನ್ನೇ ಮೊದಲನೆಯವರದೆಂದು ಹೊಂದಿಸಿಟ್ಟಿದ್ದೇನೆ. ಗುದ್ದಾಟದ ಆಟಕ್ಕೆ ಇಬ್ಬರು ಕೂರುವ ದಿನ ಮಾತ್ರ ನಾಲ್ಕು ಸ್ಕ್ರೂ ಸಡಿಲಿಸಿ ಫಲಕವೆತ್ತಿ ಗೇಟನ್ನು ಮರಳಿ ತಿರುಗಿಸಬೇಕು. ಅದಕ್ಕಾಗಿಯೇ ಫಲಕವನ್ನು ಅಂಟಿಸದೆ ಹಿಂಬದಿಗೆ ಹಿಂಜು ಹಾಕಿ ಕೂರಿಸಿದ್ದೇನೆ, ಸ್ಕ್ರೂಡ್ರೈವರ್ ಪೆಟ್ಟಿಗೆಯೊಳಗೇ ಇರುತ್ತದೆ.