ಹೇಗೆ ತಿರುಗಿಸಿದರೂ ಕೂಡಿಕೊಳ್ಳುವ ಡಂಜನ್ ನಕ್ಷೆ

ಆಟಗಾರರು ಪಾತ್ರಗಳಾಗಿ ಸಾಹಸಕ್ಕಿಳಿಯುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಂತಹ ಆಟ ನಡೆಸುವವರು ಪ್ರತಿ ಸಲವೂ ಹೊಸ ನೆಲಮಾಳಿಗೆಯ ನಕ್ಷೆ ಬರೆಯಬೇಕಿಲ್ಲ. ಯಾವ ದಿಕ್ಕಿಗೆ ಇಟ್ಟರೂ ಪಕ್ಕದ್ದರೊಂದಿಗೆ ಹೊಂದುವ ಚೌಕ ತುಂಡುಗಳನ್ನು ಒಮ್ಮೆ ಮಾಡಿಟ್ಟುಕೊಂಡರೆ ಸಾಕು. ಜಿಯೊಮಾರ್ಫ್ ಎಂಬ ಹೆಸರಿನ ಇಂಥ ತುಂಡುಗಳನ್ನು 1970ರ ದಶಕದಲ್ಲೇ, ಆ ಆಟವನ್ನು ಪ್ರಕಟಿಸಿದ ಟಿಎಸ್‌ಆರ್ ಕಂಪನಿ ಅಚ್ಚುಹಾಕಿ ಮಾರಿತ್ತು. ಬೇರೆ ಬೇರೆಯಾದ ನಾಲ್ಕು ತುಂಡುಗಳನ್ನು ಎರಡೆರಡರಂತೆ ಎರಡು ಸಾಲಿನ ಚೌಕವಾಗಿ ಜೋಡಿಸುವ ಬಗೆಗಳು, ಇಡೀ ನಕ್ಷೆಯನ್ನು ತಿರುಗಿಸಿದ್ದನ್ನು ಬೇರೆಯೆಂದು ಎಣಿಸದಿದ್ದರೂ, 1536 ಆಗುತ್ತವೆ.

ಮೊದಲಿಗೆ ಗ್ರಾಫ್ ಹಾಳೆಯಲ್ಲಿ 10 ಸೆಂ.ಮೀ. ಉದ್ದಗಲದ ಚೌಕ ಎಳೆದು, ಅದನ್ನು 1 ಸೆಂ.ಮೀ.ನ 100 ಮನೆಗಳಾಗಿ ಭಾಗಿಸಿ. ಆಟದ ಲೋಕದಲ್ಲಿ ಒಂದು ಮನೆ ಎಂದರೆ 10 ಅಡಿ. ಒಂದು ಎ4 ಹಾಳೆಯಲ್ಲಿ ಇಂಥ ನಾಲ್ಕು ತುಂಡುಗಳು ಹಿಡಿಯುತ್ತವೆ.

ಇನ್ನು ಅಂಚು. ಕೆಲಸ ಕೆಡುವುದೂ ಕೂಡುವುದೂ ಇಲ್ಲಿಯೇ. ನಾಲ್ಕೂ ಅಂಚುಗಳಲ್ಲಿ ಮೂರನೆಯ ಮತ್ತು ಎಂಟನೆಯ ಮನೆಗಳನ್ನು ಮಾತ್ರ ಓಣಿಯ ಬಾಯಿಗಳಾಗಿ ತೆರೆದಿಡಿ. ಎಡದಿಂದ ಎಣಿಸಿದರೂ ಬಲದಿಂದ ಎಣಿಸಿದರೂ ಇವು ಮೂರನೆಯ ಮತ್ತು ಎಂಟನೆಯ ಮನೆಗಳೇ ಆಗಿರುವುದರಿಂದ, ಯಾವ ಅಂಚು ಯಾವ ಅಂಚಿಗೆ ತಾಗಿದರೂ ಓಣಿ ಓಣಿಗೆ ಸೇರುತ್ತದೆ. ಮೂರು ಮತ್ತು ಏಳನ್ನು ಆರಿಸಿದ್ದರೆ, ತಿರುಗಿಸಿದಾಗ ಏಳನೆಯದು ನಾಲ್ಕನೆಯದಕ್ಕೆ ಎದುರಾಗಿ ಗೋಡೆಗೆ ಮುಟ್ಟುತ್ತಿತ್ತು. ಬಾಯಿಗಳ ಗುರುತು ಹಾಕಿದ ರಟ್ಟಿನ ಪಟ್ಟಿಯೊಂದನ್ನು ಮಾಡಿಕೊಂಡರೆ ಪ್ರತಿ ಸಲ ಎಣಿಸುವ ಗೋಜಿರುವುದಿಲ್ಲ.

ಒಳಗಿನದು ನಿಮ್ಮಿಷ್ಟ. ಎಂಟು ಬಾಯಿಗಳೂ ಒಂದಕ್ಕೊಂದು ಸೇರಲೇಬೇಕೆಂದಿಲ್ಲ. ಒಂದೆರಡು ಓಣಿಗಳು ಕುಸಿದ ಮಣ್ಣಿನಲ್ಲಿ ಮುಗಿಯಲಿ. ಆದರೆ ಸುತ್ತಿಕೊಂಡು ಬಂದು ಮೊದಲಿನ ಕೋಣೆಯನ್ನೇ ಸೇರುವ ದಾರಿಯೊಂದು ಇದ್ದರೆ, ಆಟಗಾರರಿಗೆ ಬೆನ್ನಟ್ಟಿ ಬರುವ ರಾಕ್ಷಸನಿಂದ ತಪ್ಪಿಸಿಕೊಳ್ಳುವ ಅವಕಾಶ ಸಿಗುತ್ತದೆ. ಒಂದೇ ದಾರಿಯ ನಕ್ಷೆ ನನಗಂತೂ ಸಪ್ಪೆ. ಪೆನ್ಸಿಲ್‌ನಲ್ಲಿ ಒಪ್ಪಿಗೆಯಾದ ಮೇಲೆ ಕಪ್ಪು ಜೆಲ್ ಪೆನ್ನಿನಿಂದ ಗೋಡೆಗಳನ್ನು ತಿದ್ದಿ, ಕಲ್ಲಿನ ಭಾಗಕ್ಕೆ ಗೀಚುಗೆರೆ ತುಂಬಿ. ಗೀಚು ಅಂಚಿನವರೆಗೂ ಒಂದೇ ದಟ್ಟಣೆಯಲ್ಲಿರಲಿ, ಇಲ್ಲವಾದರೆ ಜೋಡಿಸಿದಾಗ ಕೂಡುಗೆರೆ ಎದ್ದು ಕಾಣುತ್ತದೆ. ಕೋಣೆಯ ಸಂಖ್ಯೆ, ಉತ್ತರ ದಿಕ್ಕಿನ ಬಾಣ ಯಾವುದನ್ನೂ ತುಂಡಿನ ಮೇಲೆ ಬರೆಯಬೇಡಿ, ತಿರುಗಿಸಿದೊಡನೆ ಅವು ತಲೆಕೆಳಗಾಗುತ್ತವೆ. ಜೋಡಣೆ ಮುಗಿದ ನಂತರ ಮೇಲೊಂದು ಟ್ರೇಸಿಂಗ್ ಹಾಳೆ ಹಾಸಿ ಅದರಲ್ಲಿ ಬರೆಯಿರಿ.

ಹೊರಸುತ್ತಿನಲ್ಲಿ ತೆರೆದೇ ಉಳಿಯುವ ಬಾಯಿಗಳಿಗಾಗಿ 10 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಕೆಲವು ಅಂಚುಪಟ್ಟಿಗಳನ್ನು ಬರೆದು, ಎರಡು ಓಣಿಗಳನ್ನು ಅವುಗಳೊಳಗೆ ಬಾಗಿಸಿ ಕೂಡಿಸಿ ಇಲ್ಲವೇ ಚಿಕ್ಕ ಕೋಣೆಯಲ್ಲಿ ಮುಗಿಸಿ.