ಬಿಸಿನೀರಲ್ಲಿ ಅಂಗಳ ತೊಳೆಯುವಾಗ ಪಕ್ಕದ ಲಾನ್ ಉಳಿಸಿಕೊಳ್ಳುವುದು

ಮಳೆಗಾಲ ಮುಗಿಯುವಷ್ಟರಲ್ಲಿ ತೀರ್ಥಹಳ್ಳಿ, ಸಾಗರದ ಕಡೆ ಇಂಟರ್‌ಲಾಕ್ ಹಾಸಿದ ಅಂಗಳವೆಲ್ಲ ಪಾಚಿ ಕಟ್ಟಿ ಜಾರುತ್ತದೆ. ಬಿಸಿನೀರಿನ ಪ್ರೆಶರ್ ವಾಷರ್ (ಡೀಸೆಲ್ ಬರ್ನರ್‌ನಲ್ಲಿ ನೀರು ಕಾಯಿಸಿ ಗನ್ನಿನಿಂದ ಜೋರಾಗಿ ಚಿಮ್ಮಿಸುವ ಮಷಿನ್) ಇದ್ದರೆ ಬ್ಲೀಚಿಂಗ್ ಇಲ್ಲದೆಯೇ ಪಾಚಿ ಹೋಗುತ್ತದೆ. ಆದರೆ ಪಾಚಿ ಕೊಲ್ಲುವ ಬಿಸಿ ಹುಲ್ಲನ್ನೂ ಕೊಲ್ಲುತ್ತದೆ. ನಾನು ಹೆದರುವುದು ಗನ್ನಿನಿಂದ ಹಾರುವ ನೀರಿಗಲ್ಲ, ಅದು ಗಾಳಿಯಲ್ಲೇ ಬೇಗ ಆರುತ್ತದೆ. ಕೆಲಸ ಕೆಡಿಸುವುದು ಕಲ್ಲಿನ ಮೇಲೆ ಹರಿದು ಅಂಚಿನಲ್ಲಿ ಇಳಿಯುವ ನೀರು. ನಿಮಿಷಕ್ಕೆ 14 ಲೀಟರ್ ಬಿಡುವ ಮಷಿನ್ನಿಂದ ಗಂಟೆಗೆ 840 ಲೀಟರ್ ಹೊರಬರುತ್ತದೆ. ಅಷ್ಟೂ ಒಂದೇ ಅಂಚಿಗೆ ಹೋದರೆ ಹುಲ್ಲಿನ ಬುಡವೇ ಬೆಂದುಹೋಗುತ್ತದೆ.

ಹಾಗಾಗಿ ಮೊದಲು ಒಂದು ಬಕೆಟ್ ತಣ್ಣೀರು ಸುರಿದು ಇಳಿಜಾರು ಯಾವ ಕಡೆಗಿದೆ ಎಂದು ನೋಡಿಕೊಳ್ಳುತ್ತೇನೆ. ಗೋಣಿಚೀಲಕ್ಕೆ ಅರ್ಧ ಎಂ-ಸ್ಯಾಂಡ್ ತುಂಬಿ, ಲಾನ್ ಅಂಚಿನಿಂದ ಗೇಣು ಒಳಗೆ, ಕಲ್ಲಿನ ಮೇಲೆಯೇ ಸಾಲಾಗಿ ಮಲಗಿಸಿ ತುಳಿದು ಕೂರಿಸಿದರೆ ಒಡ್ಡಾಯಿತು. ನೀರು ಅದರ ಗುಂಟ ಚರಂಡಿಗೆ ಹೋಗಬೇಕು. ಎಣ್ಣೆ ಕಲೆ ತೊಳೆದ ನೀರನ್ನು ಮಾತ್ರ ತೋಟಕ್ಕೆ, ಬಾವಿಯ ಕಡೆಗೆ ಬಿಡಲೇಬೇಡಿ. ಒಡ್ಡಿಗೆ ಒರಗಿಸಿ ತೊಯ್ದ ಅಡಿಕೆ ಹಾಳೆ ನಿಲ್ಲಿಸಿದರೆ ಚಿಮ್ಮುವ ಮರಳು, ಕೊಳೆ ಹುಲ್ಲಿಗೆ ಬೀಳುವುದಿಲ್ಲ. ಪ್ಲಾಸ್ಟಿಕ್ ಹೊದಿಸುವುದು ಬೇಡ. ಬಿಸಿಲು ಬಂತೆಂದರೆ ಅದರಡಿ ಹುಲ್ಲು ಬೇಯುತ್ತದೆ. ಹೊದಿಸಲೇಬೇಕಾದರೆ ಒದ್ದೆ ಗೋಣಿ ಸಾಕು.

ಬೇಸಿಗೆಯಾದರೆ ಶುರು ಮಾಡುವ ಮೊದಲು ಅಂಚಿನ ಮೀಟರ್ ಅಗಲದ ಹುಲ್ಲಿಗೆ ಚೆನ್ನಾಗಿ ತಣ್ಣೀರು ಹಾಯಿಸುತ್ತೇನೆ. ಒದ್ದೆ ಮಣ್ಣು ಬೇಗ ಬಿಸಿಯಾಗುವುದಿಲ್ಲ. ಮಳೆ ಬಿಟ್ಟ ಕೂಡಲೇ ತೊಳೆಯುವುದಾದರೆ ಮಾತು ಬೇರೆ. ಆಗ ಮಣ್ಣು ನೀರು ಕುಡಿದು ತುಂಬಿರುತ್ತದೆ, ಬಂದ ಬಿಸಿನೀರು ಇಂಗದೆ ಬುಡದಲ್ಲೇ ನಿಲ್ಲುತ್ತದೆ. ಅಲ್ಲಿ ಒಡ್ಡನ್ನೇ ನಂಬಬೇಕು.

ಪಾಚಿಗೆ 60ರಿಂದ 70 ಡಿಗ್ರಿ ಸಾಕು. 90ರ ಹತ್ತಿರ ಹೋಗುವುದು ಎಣ್ಣೆ, ಗ್ರೀಸ್ ಕಲೆಗೆ ಮಾತ್ರ, ಅದೂ ಲಾನ್‌ನಿಂದ ದೂರದಲ್ಲಿ. ನೀರನ್ನು 25 ಡಿಗ್ರಿ ಕೋನದಲ್ಲಿ ಹರಡುವ ಹಸಿರು ನಾಝಲ್ ಹಾಕಿ, ಕಲ್ಲಿನಿಂದ ಒಂದಡಿ ಎತ್ತರದಲ್ಲಿ ಹಿಡಿದು, ಲಾನ್‌ಗೆ ಬೆನ್ನು ಹಾಕಿ ಹೊರಗಡೆಗೆ ತೊಳೆಯುತ್ತ ಹೋಗುತ್ತೇನೆ. ಅಂಚಿನ ಕೊನೆಯ ಸಾಲಿಗೆ ಬರ್ನರ್ ಆರಿಸಿ ತಣ್ಣೀರು, ಗಟ್ಟಿ ಬ್ರಷ್ಷು. ಜಂಬಿಟ್ಟಿಗೆ (ಕೆಂಪುಕಲ್ಲು) ಹಾಸಿದ್ದರೆ ಅದು ಮೆತ್ತಗಿರುವುದರಿಂದ ಪ್ರೆಶರ್ ಇಳಿಸಿ, ನಾಝಲ್ ಇನ್ನೂ ದೂರ ಹಿಡಿಯಬೇಕು.

ಹಲವರ ಗಮನಕ್ಕೆ ಬಾರದ್ದು ಪೈಪು. ಬಿಸಿನೀರು ಹರಿಯುವ ಪೈಪು ಹುಲ್ಲಿನ ಮೇಲೆ ಮಲಗಿದ್ದರೆ ಒಂದೆರಡು ದಿನದಲ್ಲಿ ಅದರ ಗುಂಟವೇ ಕಂದು ಗೆರೆ ಮೂಡುತ್ತದೆ. ಹಲಗೆಯ ಮೇಲೆ ಹಾಯಿಸಿ, ಇಲ್ಲವೇ ಕಲ್ಲಿನ ಮೇಲೇ ಬರಲಿ. ಮಷಿನ್ನೂ ಲಾನ್ ಮೇಲೆ ನಿಲ್ಲಬಾರದು: ಹೊಗೆಕೊಳವೆಯ ಬಿಸಿಗೆ ಮೇಲಿನ ಎಲೆಗಳು ಸುಡುತ್ತವೆ, ಡೀಸೆಲ್ ಚೆಲ್ಲಿದ ಜಾಗದಲ್ಲಿ ಬಹಳ ಕಾಲ ಹುಲ್ಲು ಬರುವುದಿಲ್ಲ. ಆಗಾಗ ಬಿಸಿನೀರು ತೊಟ್ಟಿಕ್ಕುವ ವಾಲ್ವ್ ಅಡಿ ಒಂದು ಬಕೆಟ್ ಇಡಿ.

ಎಲ್ಲೋ ಬಿಸಿನೀರು ನುಗ್ಗಿದರೆ ತಕ್ಷಣ ಅಲ್ಲಿಗೆ ಧಾರಾಳವಾಗಿ ತಣ್ಣೀರು ಬಿಡಿ, ತಡವಾದರೆ ಪ್ರಯೋಜನವಿಲ್ಲ. ಎಲೆ ಮಾತ್ರ ಸುಟ್ಟಿದ್ದರೆ ಗರಿಕೆ ಜಾತಿಯ ಹುಲ್ಲು ನೆಲದಡಿಯ ಕಾಂಡದಿಂದ ಮತ್ತೆ ಚಿಗುರುತ್ತದೆ. ಚಿಗುರು ಕಾಣುವವರೆಗೆ ಯೂರಿಯಾ ಹಾಕಬೇಡಿ. ಬುಡ ಕೈಗೆ ಸಲೀಸಾಗಿ ಕಿತ್ತುಬಂದರೆ ಅಷ್ಟು ಭಾಗ ತೆಗೆದು ಹೊಸ ಹುಲ್ಲು ನೆಡುವುದೇ ಸರಿ.