ಮರಿ ಮಲಗಿದಾಗ ಹೊಲಿದ ಕೌದಿ

ಬಟ್ಟೆಯ ಚೌಕ ಚೌಕ ಜೋಡಿಸಿ, ಕೌದಿಯಲ್ಲಿ ನಮ್ಮ ನಾಯಿಮರಿ ಗುಂಡನ ಮುಖ ಬರಿಸ್ತೀನಿ ಅಂದಾಗ ಅತ್ತೆ ನಕ್ಕರು. ನಲವತ್ತು ವರ್ಷದಿಂದ ಕೌದಿ ಹೊಲಿದ ಕೈ ಅವರದು. "ಕೌದಿ ಹೊದ್ಕಳಾಕವ್ವಾ, ನೋಡಾಕಲ್ಲ" ಅಂದರು. ಪರಿಚಯದ ಟೈಲರ್ ಕೂಡ ಮೂಲೆಗೆ ಮೂಲೆ ಕೂಡಲ್ಲ ಬಿಡಿ ಅಂದಿದ್ದರು. ಈಗ ಕೂಡಿವೆ. 24 ಅಡ್ಡ, 30 ಉದ್ದ, ಒಟ್ಟು 720 ಚೌಕ. ನಾಲ್ಕೈದು ಕಡೆ ತಪ್ಪಿದೆ, ಎಲ್ಲಿ ಅಂತ ನಾನಾಗಿ ತೋರಿಸಲ್ಲ.

ಮೊದಲ ಸಲ ಎಲ್ಲರಂತೆ ಎರಡೂವರೆ ಇಂಚಿಗೆ ಕತ್ತರಿಸಿ, ಕಾಲಿಂಚು ಹೊಲಿಗೆಗೆ ಬಿಟ್ಟು ಸಾಲು ಸಾಲಾಗಿ ಹೊಲಿದೆ. ಒಂದೊಂದು ಹೊಲಿಗೆಯಲ್ಲಿ ಒಂದೆರಡೆಳೆ ಹೆಚ್ಚು ಕಡಿಮೆಯಾದರೂ ಸಾಲಿನ ಕೊನೆಗೆ ಒಂದೂವರೆ ಇಂಚು ಮಾಯ. ಬಿಚ್ಚಿದೆ. ಆಮೇಲೆ ಎಲ್ಲ ಚೌಕ ಹಾಲ್‌ನಲ್ಲಿ ಹಾಸಿಕೊಂಡೆ. ಮೂರು ದಿನ ಹಾಸಿದ್ದನ್ನು ಎರಡು ತಿಂಗಳ ಗುಂಡ ಅರ್ಧ ನಿಮಿಷದಲ್ಲಿ ಎಳೆದಾಡಿ, ಸರಿಯಾಗಿ ಮೂಗಿನ ಜಾಗದಲ್ಲೇ ಉಚ್ಚೆ ಹೊಯ್ದ. ಅದೇ ವಾರ ಮಷಿನ್ ಮೋಟಾರಿನ ವೈರ್ ಕಡಿದು ಸುಮಾರು 350 ರೂಪಾಯಿ ಖರ್ಚು. ಒಂದು ದಿನ ದಾರ ನುಂಗಿಬಿಟ್ಟ, ಬಾಯಿಂದ ತುದಿ ನೇತಾಡ್ತಿತ್ತು. ಎಳೆಯಲು ಹೋಗಬೇಡಿ, ಒಳಗೆ ಕರುಳು ಕತ್ತರಿಸುತ್ತೆ, ಹಾಗೇ ಕರ್ಕೊಂಡು ಬನ್ನಿ ಅಂದರು ಡಾಕ್ಟರು. ಅವತ್ತಿನಿಂದ ಸೂಜಿ ದಾರ ಎಲ್ಲ ಮುಚ್ಚಳದ ಡಬ್ಬಿಯಲ್ಲಿ.

ದಾರಿ ತೋರಿಸಿದ್ದು ಅವನ ನಿದ್ದೆಯೇ. ಒಂದು ನಿದ್ದೆ ಅಂದರೆ ಮುಕ್ಕಾಲು ಗಂಟೆ. ಅಷ್ಟರಲ್ಲಿ ಮುಗಿಯುವ ಕೆಲಸ ಎಷ್ಟು? 36 ಚೌಕ. ಹಾಗಾಗಿ ಇಡೀ ಚಿತ್ರವನ್ನು ಆರು ಆರರ 20 ತುಂಡು ಮಾಡಿದೆ. ಇಸ್ತ್ರಿಗೆ ಅಂಟುವ ತೆಳ್ಳನೆ ಪೇಸ್ಟಿಂಗ್ ಬಟ್ಟೆಯ ಮೇಲೆ ಗೆರೆ ಹಾಕಿ, ಚೌಕ ಇಟ್ಟು, ನೀರು ಚಿಮುಕಿಸದೆ ಇಸ್ತ್ರಿ ಹೊಡೆದೆ. ಅಂಟಿದ ಮೇಲೆ ಗುಂಡ ಎದ್ದರೂ ಚಿಂತೆಯಿಲ್ಲ, ಮಡಚಿ ಬೀರು ಮೇಲೆ ಎಸೆದರಾಯಿತು. ಮುಂದಿನ ನಿದ್ದೆಯಲ್ಲಿ ಗೆರೆಗೆ ಮಡಚಿ ಒಂದು ಕಡೆಯ ಹೊಲಿಗೆಯೆಲ್ಲ ಹಾಕಿ, ಕೂಡುವ ಜಾಗದಲ್ಲಿ ಹೊಲಿಗೆಯ ಅಂಚನ್ನು ಚೂರೇ ಚೂರು ಕತ್ತರಿಸಿ, ತಿರುಗಿಸಿ ಇನ್ನೊಂದು ಕಡೆ. ಹನ್ನೆರಡೂವರೆ ಇಂಚಿನ ತುಂಡು ರೆಡಿ. ಮೊದಲು ದಪ್ಪ ಪೇಸ್ಟಿಂಗ್ ತಂದು ರಟ್ಟಿನ ಹಾಗೆ ಆಗಿ ಎರಡು ಮೀಟರ್ ದಂಡ.

ನಿಜವಾದ ಒದ್ದಾಟ ಬಣ್ಣದ್ದು. ಟೈಲರ್‌ಗಳು ಚೂರು ಸುಮ್ನೆ ಕೊಡ್ತಾರೆ, ಆದರೆ ಎಲ್ಲ ರಾಣಿ ಪಿಂಕ್, ಗಿಳಿಹಸಿರು. ನಾಯಿ ಬಣ್ಣದ ಬ್ಲೌಸ್ ಯಾರು ಹೊಲಿಸ್ತಾರೆ ಹೇಳಿ! ಒಂದು ಕಾಲಕ್ಕೆ ಹತ್ತಿ ಮಿಲ್ಲಿಗೆ ಹೆಸರಾಗಿದ್ದ ದಾವಣಗೆರೆಯಲ್ಲಿ ಕಂದು ಹತ್ತಿ ಚೂರಿಗೆ ಚೌಕಿಪೇಟೆ ಪೂರ್ತಿ ಅಲೆದೆ. ಸಿಕ್ಕ ಕಂದು ಸ್ಯಾಟಿನ್ ಇಸ್ತ್ರಿಗೆ ಕರಗಿ ಅಂಟಿಕೊಂಡಿತು. ಕೊನೆಗೆ ಚನ್ನಗಿರಿಯ ಗೆಳತಿ ಒಂದು ಬಾಟಲಿ ಚೊಗರು ತಂದುಕೊಟ್ಟಳು, ಅಡಿಕೆ ಬೇಯಿಸಿದ ನೀರು. ಮಾವನ ಹಳೇ ಪಂಚೆಯನ್ನು ಪಟಕದ ನೀರಲ್ಲಿ ನೆನೆಸಿ ಅದರಲ್ಲಿ ಅದ್ದಿದೆ. ಹತ್ತು ನಿಮಿಷಕ್ಕೆ ಒಂದು ಕಂದು, ಒಂದು ಗಂಟೆಗೆ ಇನ್ನೊಂದು, ರಾತ್ರಿಯಿಡೀ ಬಿಟ್ಟರೆ ಮತ್ತೊಂದು. ತುಕ್ಕು ಮೊಳೆ ನೆನೆಸಿದ ನೀರಿಗೆ ಹಾಕಿದರೆ ಬೂದುಗಪ್ಪು. ದಾಳಿಂಬೆ ಸಿಪ್ಪೆಯನ್ನೂ ನೋಡಿದೆ, ಹಳದಿ ಬಂತು, ನನಗೆ ಬೇಡವಾಗಿತ್ತು. ಬಣ್ಣದ ಗಾಢ ತಿಳಿ ಸರಿಯೋ ಇಲ್ಲವೋ ಅಂತ ಕಣ್ಣಿಗೆ ತಿಳಿಯಲ್ಲ, ಫೋನಿನಲ್ಲಿ ಕಪ್ಪು ಬಿಳುಪು ಫೋಟೋ ತೆಗೆದು ನೋಡಿ. ಕಣ್ಣಿನ ಹೊಳಪಿಗೆ ಏನು ಹಾಕಿದೆ ಅನ್ನೋದು ಮಾತ್ರ ನನ್ನಲ್ಲೇ ಇರಲಿ.

ಪೇಸ್ಟಿಂಗ್, ದಾರ ಸೇರಿ 700 ರೂಪಾಯಿ ಆಗಿರಬಹುದು. ಗುಂಡನ ಡಾಕ್ಟರ್ ಖರ್ಚು ಅದಕ್ಕಿಂತ ಜಾಸ್ತಿ, ಅದನ್ನು ಕೌದಿ ಲೆಕ್ಕಕ್ಕೆ ಹಾಕಲ್ಲ. ಕೌದಿಯ ಕೆಳಪದರಕ್ಕೆ ಅತ್ತೆಯ ಹಳೇ ಇಳಕಲ್ ಸೀರೆ.

ಹತ್ತಿರದಿಂದ ನೋಡಿ ಅತ್ತೆ "ಬರೀ ಚೌಕ" ಅಂದರು. ಮಾಳಿಗೆ ಗೋಡೆಗೆ ನೇತುಹಾಕಿ, ಅವರನ್ನು ರಸ್ತೆಯ ಆಚೆ ಬದಿಗೆ ಕರೆದುಕೊಂಡು ಹೋದೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತು ನೋಡಿದರು. "ಎಡಗಡಿ ಕಿವಿ ಒಂಚೂರು ದೊಡ್ಡದಾತು" ಅಂದರು.